ಹೊಸದಾಗಿ ತಂದ ಲೋಚ್ ಮೀನನ್ನು ತೊಟ್ಟಿಗೆ ಒಗ್ಗಿಸುವ ಕ್ರಮ

ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡಿದ ಭತ್ತದ ಪೈರು ಮೊದಲ ಕೆಲವು ದಿನ ಹಳದಿಯಾಗಿ, ಬಾಡಿದಂತೆ ಕಾಣುವುದು ರೈತ ಬಾಂಧವರೆಲ್ಲರಿಗೂ ತಿಳಿದ ಸಂಗತಿ. ಬೇರು ಹೊಸ ಮಣ್ಣನ್ನು ಹಿಡಿದ ಮೇಲೆ ಪೈರು ತಾನಾಗಿ ಹಸಿರಾಗುತ್ತದೆ. ಗದ್ದೆಯನ್ನು ಮೊದಲೇ ಹದಮಾಡಿದ್ದರೆ ಈ ಚೇತರಿಕೆ ಬೇಗ ಆಗುತ್ತದೆ. ಹದವಿಲ್ಲದ ನೆಲದಲ್ಲಿ ನೆಟ್ಟ ಪೈರಿಗೆ ಅನಂತರ ಎಷ್ಟು ಉಪಚಾರ ಮಾಡಿದರೂ ಪೂರ್ಣ ಫಲ ದೊರೆಯದು. ಮನೆಯ ಗಾಜಿನ ತೊಟ್ಟಿಗೆ ಹೊಸದಾಗಿ ಬಿಡುವ ಮೀನಿನ ವಿಷಯವೂ ಇದೇ ರೀತಿಯದು.

ಇಂದು ಪಟ್ಟಣಗಳಲ್ಲಿ ಮಾತ್ರವಲ್ಲದೆ ಹಳ್ಳಿಯ ಮನೆಗಳಲ್ಲಿಯೂ ಅಲಂಕಾರಿಕ ಮೀನಿನ ತೊಟ್ಟಿಗಳು ಕಾಣಸಿಗುತ್ತವೆ. ಕೆಲವರಿಗೆ ಅದು ಹವ್ಯಾಸ, ಕೆಲವರಿಗೆ ಉಪ ಆದಾಯದ ಮೊದಲ ಹೆಜ್ಜೆ. ಈ ತೊಟ್ಟಿಗಳಿಗೆ ಜನ ಇಷ್ಟಪಟ್ಟು ತರುವ, ಆದರೆ ತಂದ ಎರಡು ಮೂರು ವಾರಗಳಲ್ಲೇ ಕಳೆದುಕೊಳ್ಳುವ ಮೀನುಗಳಲ್ಲಿ ಲೋಚ್ ಜಾತಿಯ ಮೀನುಗಳು ಮುಖ್ಯವಾದವು. ಈ ಮೀನುಗಳು ದುರ್ಬಲವಾದವುಗಳೆಂಬ ಅಭಿಪ್ರಾಯ ಬಳಕೆಯಲ್ಲಿದೆ. ವಾಸ್ತವವಾಗಿ ಅವು ಹಲವು ವರ್ಷ ಬಾಳುವ ಗಟ್ಟಿ ಮೀನುಗಳು. ಹೊಸ ಜಾಗಕ್ಕೆ ಒಗ್ಗುವ ಮೊದಲ ತಿಂಗಳೊಂದನ್ನು ಎಚ್ಚರಿಕೆಯಿಂದ ದಾಟಿಸಿದರೆ ಮುಂದಿನದು ಸುಲಭ. ಆ ಒಂದು ತಿಂಗಳಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಲೋಚ್ ಮೀನಿನ ಪರಿಚಯ

ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಸೇರಿರುವ ಗಣಕ್ಕೇ ಲೋಚ್ ಮೀನುಗಳೂ ಸೇರಿವೆ. ಆದರೆ ಇವುಗಳ ಜೀವನ ಕ್ರಮ ಬೇರೆ. ಇವು ತಳದಲ್ಲಿ ವಾಸಿಸುವ ಮೀನುಗಳು. ಬಾಯಿ ಕೆಳಮುಖವಾಗಿದ್ದು, ಅದರ ಸುತ್ತ ಹಲವು ಜೊತೆ ಮೀಸೆಗಳಿರುತ್ತವೆ. ಮಸಕು ಬೆಳಕಿನಲ್ಲಿ ಮರಳನ್ನು ತಡವಿ ಆಹಾರ ಹುಡುಕಲು ಈ ಮೀಸೆಗಳೇ ಸಾಧನ. ಹುರುಪೆಗಳು ಅತಿ ಸಣ್ಣವು. ಚರ್ಮದೊಳಗೇ ಹುದುಗಿರುವುದರಿಂದ ಮೈ ನುಣುಪಾಗಿ ಕಾಣುತ್ತದೆ. ಈ ಕಾರಣದಿಂದ ನೀರಿನಲ್ಲಿರುವ ರಾಸಾಯನಿಕಗಳು ಇವುಗಳಿಗೆ ಬೇಗ ತಟ್ಟುತ್ತವೆ. ಅನೇಕ ಲೋಚ್‌ಗಳ ಕಣ್ಣಿನ ಕೆಳಗೆ ಒಂದು ಚೂಪಾದ ಮುಳ್ಳು ಇದ್ದು, ಹೆದರಿದಾಗ ಅದು ಹೊರಕ್ಕೆ ನಿಮಿರಿ ನಿಲ್ಲುತ್ತದೆ. ಇವು ಗುಂಪಿನಲ್ಲಿ ಬಾಳುವ ಮೀನುಗಳೆಂಬುದನ್ನೂ ಗಮನದಲ್ಲಿಡಬೇಕು.

ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಜಾತಿಗಳು ಇವು:

1. ಕ್ಲೌನ್ ಲೋಚ್: ಇಂಡೊನೇಷ್ಯದ ಸುಮಾತ್ರ ಮತ್ತು ಬೋರ್ನಿಯೊ ದ್ವೀಪಗಳದು. ಕಿತ್ತಳೆ ಬಣ್ಣದ ಮೈಮೇಲೆ ಮೂರು ಕಪ್ಪು ಪಟ್ಟೆಗಳಿರುತ್ತವೆ. ಅಂಗಡಿಯಲ್ಲಿ ಎರಡು ಅಂಗುಲವಿರುವ ಈ ಮೀನು ಮುಂದೆ ಒಂದು ಅಡಿಯವರೆಗೆ ಬೆಳೆಯಬಲ್ಲದು. 20 ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಸಣ್ಣ ತೊಟ್ಟಿಯವರು ಇದನ್ನು ಕೊಳ್ಳದಿರುವುದೇ ಮೇಲು.

2. ಕುಹ್ಲಿ ಲೋಚ್: ಆಗ್ನೇಯ ಏಷ್ಯದ್ದು. ಹಾವಿನಂತೆ ತೆಳ್ಳಗೆ, ಸುಮಾರು 10 ಸೆಂ.ಮೀ. ಉದ್ದ. ಮರಳಿನಲ್ಲಿ ಹೂತುಕೊಳ್ಳುತ್ತದೆ.

3. ಯೋಯೋ ಲೋಚ್: ಉತ್ತರ ಭಾರತದ ನದಿಗಳದು. ಚುರುಕಾದ, ಸ್ವಲ್ಪ ಜಗಳಗಂಟ ಸ್ವಭಾವದ ಮೀನು.

4. ಜೀಬ್ರಾ ಲೋಚ್: ಇದು ನಮ್ಮದೇ ಪಶ್ಚಿಮ ಘಟ್ಟದ ಮೀನು. ಮೈತುಂಬ ತೆಳುವಾದ ಓರೆ ಪಟ್ಟೆಗಳು. ಉದ್ದ ಸುಮಾರು 8 ಸೆಂ.ಮೀ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ದೊರೆತ ಮೀನಿನಿಂದ ಇದನ್ನು ಲೋಕಕ್ಕೆ ಪರಿಚಯಿಸಿ, ಬೋಟಿಯ ಸ್ಟ್ರಯೇಟ ಎಂದು ಹೆಸರಿಟ್ಟರು.

ಈ ಲೇಖನದ ಸಲಹೆಗಳನ್ನು ಜೀಬ್ರಾ ಲೋಚನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ಬೇರೆ ಜಾತಿಗಳಿಗೆ ವ್ಯತ್ಯಾಸವಿರುವಲ್ಲಿ ಸೂಚಿಸಲಾಗಿದೆ.

ತೊಟ್ಟಿಯ ಸಿದ್ಧತೆ

ಆರು ಜೀಬ್ರಾ ಲೋಚ್‌ಗಳಿಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಅನುಕೂಲ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು ಹಿಡಿಯುವುದರಿಂದ ಇಂತಹ ತೊಟ್ಟಿಗೆ ಸುಮಾರು 190 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು ಮತ್ತು ಮೇಲೆ ಬಿಡುವ ಅಂತರವನ್ನು ಕಳೆದರೆ ಸುಮಾರು 150 ಲೀಟರ್ ಉಳಿಯುತ್ತದೆ. ಔಷಧಿ ಹಾಕುವ ಸಂದರ್ಭ ಬಂದಾಗ ಈ ಉಳಿದ ಪ್ರಮಾಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಳವಾಸಿ ಮೀನುಗಳಿಗೆ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ. ಕುಹ್ಲಿ ಲೋಚ್‌ಗಳಿಗಾದರೆ 2 ಅಡಿ ಉದ್ದದ ತೊಟ್ಟಿಯೂ ಸಾಕು.

ತಳಕ್ಕೆ ಎರಡು ಅಂಗುಲದಷ್ಟು ನಯವಾದ ಹೊಳೆಯ ಮರಳನ್ನು ಹರಡಬೇಕು. ಮರಳನ್ನು ಜರಡಿ ಹಿಡಿದು, ಬಸಿದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕಲ್ಲನ್ನು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಮತ್ತು ಜಲ್ಲಿಯ ಚೂರುಗಳನ್ನು ಬಳಸಕೂಡದು. ಅವುಗಳ ಅಂಚು ಚೂಪಾಗಿರುವುದರಿಂದ ಮೀಸೆಗಳು ಸವೆದು ಹುಣ್ಣಾಗುತ್ತವೆ. ಮೀಸೆ ಕಳೆದುಕೊಂಡ ಲೋಚ್ ಆಹಾರ ಹುಡುಕಲಾರದೆ ಸೊರಗುತ್ತದೆ.

ಅನಂತರ ಅಡಗುತಾಣಗಳು. ಮೀನಿನ ಸಂಖ್ಯೆಗಿಂತ ಒಂದೆರಡು ಅಡಗುತಾಣಗಳು ಹೆಚ್ಚೇ ಇರಲಿ. ಅಂಗಡಿಯಿಂದ ದುಬಾರಿ ಸಾಮಾನು ತರಬೇಕಾಗಿಲ್ಲ. ಉರುಟಾದ ಹೊಳೆಗಲ್ಲುಗಳು, ಮಂಗಳೂರು ಹೆಂಚಿನ ತುಂಡುಗಳು, ಬಾಯಿ ಮಾಡಿದ ತೆಂಗಿನ ಕರಟ, ತೋಟದಲ್ಲಿ ಉಳಿದ ಪಿ.ವಿ.ಸಿ. ಕೊಳವೆಯ ತುಂಡುಗಳು ಇವೆಲ್ಲ ಒದಗುತ್ತವೆ. ಕರಟದ ಒಳಗಿನ ಕಾಯಿಯನ್ನು ಪೂರ್ತಿ ಕೆರೆದು, ಎರಡು ಮೂರು ಸಲ ನೀರು ಬದಲಿಸಿ ಕುದಿಸಬೇಕು. ಕೊಳವೆ ಮತ್ತು ಹೆಂಚಿನ ಅಂಚುಗಳನ್ನು ಉಜ್ಜಿ ನಯಮಾಡಬೇಕು. ಕೊಳವೆಯಲ್ಲಿ ಹಿಂದೆ ಕೀಟನಾಶಕ ಅಥವಾ ರಸಗೊಬ್ಬರ ಹರಿದಿದ್ದರೆ ಅದನ್ನು ಬಳಸಲೇಬಾರದು. ಭಾರದ ಕಲ್ಲುಗಳನ್ನು ಮರಳಿನ ಮೇಲೆ ಇರಿಸದೆ ತೊಟ್ಟಿಯ ತಳಕ್ಕೆ ಕೂರಿಸಿ, ಅನಂತರ ಮರಳು ಹಾಕಬೇಕು. ಇಲ್ಲವಾದರೆ ಮೀನು ಮರಳನ್ನು ತೋಡಿದಾಗ ಕಲ್ಲು ಜಾರಿ ಮೀನಿನ ಮೇಲೆ ಬೀಳಬಹುದು.

ಲೋಚ್‌ಗಳು ಹೊಸ ಜಾಗದಲ್ಲಿ ಹೆದರಿ ಮೇಲಕ್ಕೆ ಹಾರುವುದುಂಟು. ಕೊಳವೆಗಳು ಹಾಯುವ ಸಂದಿಯನ್ನೂ ಬಿಡದೆ ತೊಟ್ಟಿಗೆ ಭದ್ರವಾದ ಮುಚ್ಚಳ ಇರಬೇಕು. ಫಿಲ್ಟರಿನ ನೀರು ಎಳೆಯುವ ಬಾಯಿಗೆ ಸ್ಪಂಜು ಕಟ್ಟಬೇಕು. ತೆಳುವಾದ ಕುಹ್ಲಿ ಲೋಚ್‌ಗಳು ಅದರೊಳಗೆ ನುಸುಳಿ ಸಾಯುವುದು ಸಾಮಾನ್ಯ.

ನೀರಿನ ಹದ

ಮೀನು ಸಾಕುವವನು ಮೊದಲು ಸಾಕಬೇಕಾದ್ದು ನೀರನ್ನು. ಹೊಸ ತೊಟ್ಟಿಯ ತಿಳಿನೀರು ನೋಡಲು ಚೊಕ್ಕಟವಾಗಿದ್ದರೂ ಮೀನಿನ ದೃಷ್ಟಿಯಿಂದ ಅದು ಇನ್ನೂ ಹದವಾಗಿಲ್ಲ. ಇದರ ಕಾರಣವನ್ನು ರೈತರು ಸುಲಭವಾಗಿ ಅರಿಯಬಲ್ಲರು, ಏಕೆಂದರೆ ಹೊಲದಲ್ಲಿ ನಡೆಯುವ ಕ್ರಿಯೆಯೇ ತೊಟ್ಟಿಯಲ್ಲೂ ನಡೆಯುತ್ತದೆ.

ಮಣ್ಣಿಗೆ ಹಾಕಿದ ಯೂರಿಯ ಮೊದಲು ಅಮೋನಿಯ ರೂಪಕ್ಕೆ ತಿರುಗುತ್ತದೆ. ಮಣ್ಣಿನ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಜೀವಿಗಳನ್ನು ರಷ್ಯದ ವಿಜ್ಞಾನಿ ಸರ್ಗೇ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ತೊಟ್ಟಿಯಲ್ಲಿ ಮೀನಿನ ಕಿವಿರುಗಳಿಂದ ಹೊರಬರುವ ವಿಸರ್ಜನೆ, ಮಲ ಮತ್ತು ಉಳಿದ ಆಹಾರಗಳಿಂದ ಅಮೋನಿಯ ಉಂಟಾಗುತ್ತದೆ. ಇದು ಮೀನಿಗೆ ವಿಷ. ನೈಟ್ರೈಟ್ ಕೂಡ ವಿಷವೇ. ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಅದು ಕುಂದಿಸುತ್ತದೆ. ಕೊನೆಯದಾದ ನೈಟ್ರೇಟ್ ಇವೆರಡರಷ್ಟು ಹಾನಿಕರವಲ್ಲ. ನೀರು ಬದಲಿಸುವುದರಿಂದ ಅದನ್ನು ಹತೋಟಿಯಲ್ಲಿಡಬಹುದು.

ಈ ಉಪಕಾರಿ ಜೀವಿಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಮರಳು, ಕಲ್ಲು ಮತ್ತು ಮುಖ್ಯವಾಗಿ ಫಿಲ್ಟರಿನ ಸ್ಪಂಜಿಗೆ ಅವು ಅಂಟಿಕೊಂಡು ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಹೆಚ್ಚಲು ಸಾಮಾನ್ಯವಾಗಿ 3ರಿಂದ 6 ವಾರ ಬೇಕು. ಆದ್ದರಿಂದ ಮೀನು ತರುವುದಕ್ಕೆ ಒಂದು ತಿಂಗಳ ಮೊದಲೇ ತೊಟ್ಟಿಗೆ ನೀರು ತುಂಬಿ, ಫಿಲ್ಟರ್ ಮತ್ತು ಏರ್ ಪಂಪನ್ನು ನಡೆಸಬೇಕು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಬರುವ ಅಮೋನಿಯವೇ ಆ ಜೀವಿಗಳಿಗೆ ಮೇವು. ನಂಬಿಕೆಯ ಸ್ನೇಹಿತರ ಬಳಿ ರೋಗವಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಮ್ಮ ಫಿಲ್ಟರಿನಲ್ಲಿ ಇರಿಸಬಹುದು. ಹಾಲಿಗೆ ಹೆಪ್ಪು ಹಾಕಿದಂತೆ ಇದು ಕೆಲಸವನ್ನು ಬೇಗ ಮುಗಿಸುತ್ತದೆ.

ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ಕಿಟ್‌ನಿಂದ ನೀರನ್ನು ನೋಡಿ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗಿ, ನೈಟ್ರೇಟ್ ಮಾತ್ರ ಕಾಣಿಸಿಕೊಂಡಾಗ ನೀರು ಹದಕ್ಕೆ ಬಂದಿದೆ ಎಂದು ತಿಳಿಯಬೇಕು. ಅಲ್ಲಿಯವರೆಗೆ ಲೋಚ್ ತರಕೂಡದು.

ರಸಸಾರದ ವಿಷಯವೂ ಇಲ್ಲಿ ಮುಖ್ಯ. ಕ್ಷಾರ ಮಣ್ಣಿನ ಮೇಲೆ ಯೂರಿಯ ಚೆಲ್ಲಿದರೆ ಅಮೋನಿಯ ಹಾರಿಹೋಗಿ ನಷ್ಟವಾಗುವುದು ನಿಮಗೆ ಗೊತ್ತು. ನೀರಿನಲ್ಲೂ ಅದೇ ನಿಯಮ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ರಸಸಾರ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷರೂಪದಲ್ಲಿರುವುದು ಸುಮಾರು ಶೇಕಡ ಅರ್ಧ ಮಾತ್ರ. ರಸಸಾರ 8ಕ್ಕೆ ಏರಿದರೆ ಅದು ಶೇಕಡ 5ನ್ನು ಮೀರುತ್ತದೆ. ಅಂದರೆ ಹತ್ತು ಪಟ್ಟು. ಆದ್ದರಿಂದ ಕ್ಷಾರಯುಕ್ತ ಬೋರ್‌ವೆಲ್ ನೀರಿನ ಊರುಗಳವರು ನೀರು ಹದವಾಗುವ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಘಟ್ಟದ ಹೊಳೆಗಳ ನೀರು ಮೃದುವಾದುದು. ಬಯಲುಸೀಮೆಯ ಗಡಸು ನೀರಿಗೆ ಶುದ್ಧವಾದ ಮಳೆನೀರನ್ನು ಬೆರೆಸಿ ಗಡಸುತನ ಇಳಿಸಬಹುದು. ಮೊದಲ ಮಳೆಯ ನೀರನ್ನು ಬಿಟ್ಟು, ಸೂರು ತೊಳೆದ ಮೇಲಿನ ಮಳೆಯ ನೀರನ್ನೇ ಹಿಡಿಯಬೇಕು.

ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು ಇರುವುದುಂಟು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು, ಒಂದು ದಿನ ಗಾಳಿಯಾಡಿಸಿ ಅನಂತರ ಬಳಸಬೇಕು. ಜೀಬ್ರಾ ಲೋಚ್‌ಗೆ 23ರಿಂದ 26 ಡಿಗ್ರಿ ಉಷ್ಣಾಂಶ ಒಳ್ಳೆಯದು. ಕ್ಲೌನ್ ಲೋಚ್‌ಗೆ 25ರಿಂದ 30 ಡಿಗ್ರಿ ಬೇಕು. ಚಳಿಗಾಲದ ರಾತ್ರಿಗಳಲ್ಲಿ ನೀರು ತೀರ ತಣ್ಣಗಾಗುವ ಊರುಗಳಲ್ಲಿ ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಇಡಬೇಕು. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಎಲ್ಲ ವಿದ್ಯುತ್ ಉಪಕರಣಗಳ ಸ್ವಿಚ್ ಆರಿಸುವುದನ್ನು ಮರೆಯಬಾರದು.

ಅಂಗಡಿಯಲ್ಲಿ ಆಯ್ಕೆ

ಒಂದು ಅಥವಾ ಎರಡು ಲೋಚ್ ತರುವುದರಿಂದ ಪ್ರಯೋಜನವಿಲ್ಲ. ಒಂಟಿ ಮೀನು ಹಗಲಿರುಳು ಅಡಗಿಯೇ ಇದ್ದು, ಹೊಟ್ಟೆಗೂ ಸರಿಯಾಗಿ ತಿನ್ನದೆ ಸೊರಗುತ್ತದೆ. ಒಂದೇ ಜಾತಿಯ ಐದಾರು ಮೀನುಗಳನ್ನು ಒಟ್ಟಿಗೆ ತರಬೇಕು. ಅಷ್ಟಕ್ಕೆ ಜಾಗವಿಲ್ಲದವರು ಲೋಚ್ ಸಾಕುವ ಆಲೋಚನೆಯನ್ನು ಮುಂದೂಡುವುದು ಲೇಸು.

ಬೆನ್ನು ದುಂಡಗಿರುವ, ಹೊಟ್ಟೆ ಒಳಸೇರದ, ಬಣ್ಣ ಮತ್ತು ಪಟ್ಟೆ ಸ್ಪಷ್ಟವಾಗಿರುವ, ಮೀಸೆಗಳು ಪೂರ್ತಿಯಿರುವ ಮೀನನ್ನು ಆರಿಸಬೇಕು. ಬೆನ್ನು ಚಾಕುವಿನ ಅಲಗಿನಂತೆ ತೆಳುವಾಗಿದ್ದರೆ ಅದು ಬಹಳ ದಿನ ಹಸಿದಿದೆ ಅಥವಾ ಕರುಳಿನಲ್ಲಿ ಪರೋಪಜೀವಿಗಳಿವೆ ಎಂದು ತಿಳಿಯಬೇಕು. ಅಂಗಡಿಯ ಅದೇ ತೊಟ್ಟಿಯಲ್ಲಿ ಒಂದು ಸತ್ತ ಮೀನಿದ್ದರೂ, ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆ ಯಾವ ಮೀನಿನ ಮೇಲೆ ಕಂಡರೂ ಆ ತೊಟ್ಟಿಯಿಂದ ಕೊಳ್ಳಬಾರದು. ಅಂಗಡಿಗೆ ಮೀನು ಅಂದೇ ಬಂದಿದ್ದರೆ ಒಂದು ವಾರ ಬಿಟ್ಟು ಹೋಗಿ ತರುವುದು ಒಳ್ಳೆಯದು.

ಸಾಗಾಣಿಕೆ ಮತ್ತು ತೊಟ್ಟಿಗೆ ಬಿಡುವ ಕ್ರಮ

ಕಣ್ಣಿನ ಕೆಳಗಿನ ಮುಳ್ಳು ಪಾಲಿಥೀನ್ ಚೀಲವನ್ನು ತೂತು ಮಾಡಬಲ್ಲದು. ಆದ್ದರಿಂದ ಒಂದರೊಳಗೊಂದು ಎರಡು ಚೀಲ ಹಾಕಿಸಿ, ಮೇಲೆ ವೃತ್ತಪತ್ರಿಕೆ ಸುತ್ತಿ ಕತ್ತಲೆ ಮಾಡಿ, ಬಿಸಿಲು ತಾಗದಂತೆ ತರಬೇಕು. ಬಸ್ಸಿನ ಎಂಜಿನ್ನಿನ ಹತ್ತಿರ, ಮೋಟಾರ್ ಸೈಕಲ್ಲಿನ ಬಿಸಿಯಾದ ಪೆಟ್ಟಿಗೆಯಲ್ಲಿ ಇಡಬಾರದು. ಮನೆಗೆ ಬಂದ ಮೇಲೆ ಮಾಡಬೇಕಾದ ಕೆಲಸ ಹೀಗೆ:

1. ತೊಟ್ಟಿಯ ದೀಪ ಆರಿಸಿ. ಸಾಧ್ಯವಾದರೆ ಸಂಜೆಯ ಹೊತ್ತಿಗೆ ಮೀನು ಬಿಡುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಿ.

2. ಕಟ್ಟು ಬಿಚ್ಚದೆ ಚೀಲವನ್ನು 15ರಿಂದ 20 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಒಳಗಿನ ಮತ್ತು ಹೊರಗಿನ ಉಷ್ಣಾಂಶ ಸಮವಾಗುತ್ತದೆ.

3. ಪ್ರಯಾಣ ಒಂದೆರಡು ಗಂಟೆಯದಾಗಿದ್ದರೆ ಚೀಲ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ತೊಟ್ಟಿಯ ನೀರನ್ನು ಚೀಲಕ್ಕೆ ಹಾಕುತ್ತ ಬನ್ನಿ. ಅರ್ಧದಿಂದ ಮುಕ್ಕಾಲು ಗಂಟೆಯಲ್ಲಿ ಮೀನು ಹೊಸ ನೀರಿಗೆ ಹೊಂದಿಕೊಳ್ಳುತ್ತದೆ.

4. ಪ್ರಯಾಣ ರಾತ್ರಿಯಿಡೀ ನಡೆದಿದ್ದರೆ ಚೀಲ ಬಿಚ್ಚಿದ ಮೇಲೆ ತಡಮಾಡಬಾರದು. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದ ಇಂಗಾಲದ ಡೈ ಆಕ್ಸೈಡ್ ಸೇರಿ ನೀರು ಆಮ್ಲೀಯವಾಗಿರುತ್ತದೆ. ಆದ್ದರಿಂದ ಸಂಗ್ರಹವಾದ ಅಮೋನಿಯ ಅಷ್ಟಾಗಿ ತಟ್ಟಿರುವುದಿಲ್ಲ. ಬಾಯಿ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ರಸಸಾರ ಏರುತ್ತದೆ, ಅಮೋನಿಯ ವಿಷರೂಪಕ್ಕೆ ತಿರುಗುತ್ತದೆ. ಇಂತಹ ಸಂದರ್ಭದಲ್ಲಿ ಉಷ್ಣಾಂಶ ಸಮವಾದ ಮೇಲೆ ಚೀಲ ಬಿಚ್ಚಿ, ಕೂಡಲೇ ಮೀನನ್ನು ತೊಟ್ಟಿಗೆ ದಾಟಿಸುವುದೇ ಸರಿ.

5. ಚೀಲದ ನೀರನ್ನು ತೊಟ್ಟಿಗೆ ಸುರಿಯಕೂಡದು. ಅದರಲ್ಲಿ ಅಮೋನಿಯವೂ ರೋಗಾಣುಗಳೂ ಇರಬಹುದು. ಮೀನನ್ನು ಬಟ್ಟಲಿನಲ್ಲಿ ಹಿಡಿದು ಬಿಡಬೇಕು. ಕೈಬಲೆಯಲ್ಲಿ ಹಿಡಿದಾಗ ಮುಳ್ಳು ಸಿಕ್ಕಿಕೊಂಡರೆ ಎಳೆಯಬಾರದು; ಬಲೆಯನ್ನು ನೀರಿನೊಳಗೇ ಇಟ್ಟರೆ ಮೀನು ತಾನಾಗಿ ಬಿಡಿಸಿಕೊಳ್ಳುತ್ತದೆ. ಆಗದಿದ್ದರೆ ಬಲೆಯ ಎಳೆಯನ್ನು ಕತ್ತರಿಸಬೇಕು.

ತೊಟ್ಟಿಯಲ್ಲಿ ಮೊದಲೇ ಬೇರೆ ಮೀನುಗಳಿದ್ದರೆ ಹೊಸಬರನ್ನು ನೇರವಾಗಿ ಅದಕ್ಕೆ ಬಿಡಬಾರದು. ಹೊಸದಾಗಿ ತಂದ ಹಸುವನ್ನು ಕೆಲವು ದಿನ ಬೇರೆ ಕಟ್ಟುವಂತೆ, ಇವನ್ನೂ ಮೂರು ವಾರ ಪ್ರತ್ಯೇಕ ತೊಟ್ಟಿಯಲ್ಲಿ ಇಡಬೇಕು. 40–50 ಲೀಟರಿನ ಪ್ಲಾಸ್ಟಿಕ್ ಟಬ್, ಹದವಾದ ಒಂದು ಸ್ಪಂಜ್ ಫಿಲ್ಟರ್, ನಾಲ್ಕು ಕೊಳವೆ ತುಂಡು, ಮೇಲೊಂದು ಮುಚ್ಚಳ ಇಷ್ಟು ಸಾಕು. ದೊಡ್ಡ ತೊಟ್ಟಿ ಖಾಲಿಯಿದ್ದರೆ ಅದೇ ಪ್ರತ್ಯೇಕ ತೊಟ್ಟಿಯಾಗುತ್ತದೆ.

ಮೊದಲ ವಾರದ ನಡವಳಿಕೆ

ಮೀನು ಬಿಟ್ಟ ಮರುದಿನವೇ ಹೆಚ್ಚಿನವರಿಗೆ ಗಾಬರಿ ಆರಂಭವಾಗುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು ಒಮ್ಮೆ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಆರು ಮೀನು ತಂದು ಬಿಟ್ಟೆ. ಬೆಳಗ್ಗೆ ನೋಡಿದರೆ ಒಂದೂ ಇಲ್ಲ. ಕಲ್ಲು ಎತ್ತಿದರೆ ಒಂದು ಅಡ್ಡ ಬಿದ್ದಿತ್ತು. ಸತ್ತಿತು ಅಂತ ಕೈ ಹಾಕಿದರೆ ಓಡಿಹೋಯಿತು" ಎಂದರು.

"ಕಲ್ಲನ್ನು ದಿನಕ್ಕೆ ಎಷ್ಟು ಸಲ ಎತ್ತುತ್ತೀರಿ?" ಎಂದು ಕೇಳಿದೆ.

"ಎರಡು ಮೂರು ಸಲ. ಮೊಮ್ಮಗನಿಗೆ ನೋಡದಿದ್ದರೆ ಸಮಾಧಾನವಿಲ್ಲ."

"ನೆಟ್ಟ ಅಡಿಕೆ ಸಸಿಯನ್ನು ದಿನಕ್ಕೆ ಎರಡು ಸಲ ಕಿತ್ತು ಬೇರು ಬಂತೇ ಎಂದು ನೋಡುತ್ತೀರಾ?" ಎಂದೆ. ಅವರು ನಕ್ಕು, "ಹಾಗಾದರೆ ಏನು ಮಾಡಲಿ?" ಎಂದರು. ತೊಟ್ಟಿಯ ಮೂರು ಬದಿಗೆ ಹಳೆಯ ಪತ್ರಿಕೆ ಅಂಟಿಸಿ, ಕಲ್ಲು ಮುಟ್ಟದೆ, ಸಂಜೆ ದೀಪವಿಲ್ಲದೆ ದೂರದಿಂದ ನೋಡುವಂತೆ ತಿಳಿಸಿದೆ. ಹತ್ತನೆಯ ದಿನ ಸಂಜೆ ಮೂರು ಮೀನುಗಳು ಹೊರಗೆ ಬಂದು ಮರಳು ಕೆದಕುತ್ತಿದ್ದುದನ್ನು ಮೊಮ್ಮಗನೇ ಮೊದಲು ಕಂಡನಂತೆ.

ಈ ಕೆಳಗಿನವು ಲೋಚ್‌ಗಳ ಸಹಜ ನಡವಳಿಕೆಗಳು. ಇವುಗಳಿಗೆ ಯಾವ ಚಿಕಿತ್ಸೆಯೂ ಬೇಡ: ಕೆಲವು ದಿನ, ಕೆಲವೊಮ್ಮೆ ಎರಡು ವಾರದವರೆಗೆ ಅಡಗಿರುವುದು. ಪಕ್ಕಕ್ಕೆ ಒರಗಿ ಮಲಗುವುದು. ಒಂದೇ ಸಂದಿಯಲ್ಲಿ ಎಲ್ಲವೂ ಒತ್ತಿಕೊಂಡಿರುವುದು. ಆಗಾಗ ಟಿಕ್ ಟಿಕ್ ಎಂದು ಸದ್ದು ಮಾಡುವುದು. ಗುಂಪಿನಲ್ಲಿ ಮೇಲುಗೈಗಾಗಿ ಬೆನ್ನಟ್ಟುವಾಗ ಸ್ವಲ್ಪ ಹೊತ್ತು ಬಣ್ಣ ಮಾಸುವುದು. ಕುಹ್ಲಿ ಲೋಚ್‌ಗಳು ಒಮ್ಮೊಮ್ಮೆ ಮೇಲೆ ಬಂದು ಗಾಳಿ ನುಂಗುವುದೂ ಸಹಜ; ಅವು ಕರುಳಿನ ಮೂಲಕವೂ ಗಾಳಿಯಿಂದ ಆಮ್ಲಜನಕ ಹೀರಬಲ್ಲವು.

ಆದರೆ ಕಿವಿರು ಬಿಡುವಿಲ್ಲದೆ ವೇಗವಾಗಿ ಆಡುವುದು, ಜೀಬ್ರಾ ಅಥವಾ ಕ್ಲೌನ್ ಲೋಚ್ ನೀರಿನ ಮೇಲ್ಭಾಗದಲ್ಲೇ ನಿಲ್ಲುವುದು, ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿರುವುದು, ಕಲ್ಲಿಗೆ ಮೈ ಉಜ್ಜುವುದು ಇವು ಅಪಾಯದ ಸೂಚನೆಗಳು. ಇಂತಹ ಲಕ್ಷಣ ಕಂಡರೆ ಔಷಧಿಗೆ ಓಡದೆ ಮೊದಲು ನೀರನ್ನು ಪರೀಕ್ಷಿಸಬೇಕು. ಅಮೋನಿಯ ಅಥವಾ ನೈಟ್ರೈಟ್ ಕಂಡರೆ ಅದೇ ಉಷ್ಣಾಂಶದ, ಕ್ಲೋರಿನ್ ಕಳೆದ ನೀರಿನಿಂದ ತೊಟ್ಟಿಯ ಮೂರನೆಯ ಒಂದು ಭಾಗವನ್ನು ಬದಲಿಸಬೇಕು, ಗಾಳಿಯನ್ನು ಹೆಚ್ಚಿಸಬೇಕು.

ಲೋಚ್‌ಗಳ ಭಯ ಬಿಡಿಸಲು ಇನ್ನೊಂದು ಉಪಾಯವಿದೆ. ಮೇಲ್ಭಾಗದಲ್ಲಿ ಈಜುವ ಡೇನಿಯೊದಂತಹ ಸಣ್ಣ ಸಾಧು ಮೀನುಗಳು ಜೊತೆಗಿದ್ದರೆ, ಅವು ನಿರ್ಭಯವಾಗಿ ಓಡಾಡುವುದನ್ನು ಕಂಡು ಲೋಚ್‌ಗಳೂ ಹೊರಬರುತ್ತವೆ.

ಹಳ್ಳಿಗಳಲ್ಲಿ ವಿದ್ಯುತ್ ನಿಲುಗಡೆಯನ್ನೂ ಲೆಕ್ಕದಲ್ಲಿಡಬೇಕು. ಲೋಚ್‌ಗಳಲ್ಲಿ ಹಲವು ಹರಿಯುವ ನೀರಿನ ಮೀನುಗಳಾದ್ದರಿಂದ ಅವುಗಳಿಗೆ ಆಮ್ಲಜನಕ ಹೆಚ್ಚು ಬೇಕು. ಬ್ಯಾಟರಿಯ ಏರ್ ಪಂಪ್ ಇದ್ದರೆ ಉತ್ತಮ. ಇಲ್ಲದಿದ್ದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತೆಗೆದು ಎತ್ತರದಿಂದ ಸುರಿಯಬೇಕು. ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಆಹಾರ ಹಾಕಬಾರದು. ಹಲವು ಗಂಟೆ ನಿಂತ ಫಿಲ್ಟರಿನ ಸ್ಪಂಜನ್ನು, ತೊಟ್ಟಿಯಿಂದ ಬಕೆಟ್ಟಿಗೆ ತೆಗೆದ ನೀರಿನಲ್ಲಿ ಹಿಂಡಿ ತೊಳೆದು ಮತ್ತೆ ನಡೆಸಬೇಕು. ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ನಿನಿಂದ ಉಪಕಾರಿ ಜೀವಿಗಳು ಸಾಯುತ್ತವೆ.

ಆಹಾರ

ತಂದ ದಿನ ಆಹಾರ ಬೇಡ. ಎರಡನೆಯ ದಿನ ಸಂಜೆ, ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ, ತಳಕ್ಕೆ ಮುಳುಗುವ ಗುಳಿಗೆಗಳನ್ನು ಮೀನಿಗೊಂದರಂತೆ ಅಡಗುತಾಣದ ಬಳಿ ಹಾಕಬೇಕು. ತೇಲುವ ಆಹಾರ ಇವುಗಳಿಗೆ ದಕ್ಕುವುದಿಲ್ಲ. ಮೇಲಿನ ಮೀನುಗಳೇ ತಿಂದು ಮುಗಿಸುತ್ತವೆ. ಬೆಳಗ್ಗೆ ಉಳಿದದ್ದನ್ನು ಕೊಳವೆಯಿಂದ ಎಳೆದು ತೆಗೆಯಬೇಕು. ಉಳಿದ ಪ್ರಮಾಣ ನೋಡಿ ಮರುದಿನದ ಪ್ರಮಾಣ ನಿರ್ಧರಿಸಬೇಕು.

ಒಗ್ಗದ ಮೀನು ಗುಳಿಗೆ ಮುಟ್ಟದಿದ್ದರೆ ಸಜೀವ ಆಹಾರದ ವಾಸನೆ ಅದನ್ನು ಹೊರಗೆಳೆಯುತ್ತದೆ. ತೋಟದ ಮಣ್ಣಿನ ಎರೆಹುಳುವನ್ನು ತೊಳೆದು ಸಣ್ಣಗೆ ಕತ್ತರಿಸಿ ಕೊಡಬಹುದು. ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು ಕಹಿಯಾದ ರಸ ಸೂಸುವುದರಿಂದ ಅನೇಕ ಮೀನುಗಳಿಗೆ ರುಚಿಸದು. ಕೀಟನಾಶಕ ಅಥವಾ ಕಳೆನಾಶಕ ಸಿಂಪಡಿಸಿದ ತಾಕಿನ ಹುಳುವನ್ನು ಖಂಡಿತ ಬಳಸಬಾರದು. ಚರಂಡಿಯಿಂದ ಹಿಡಿದ ಟ್ಯೂಬಿಫೆಕ್ಸ್ ಹುಳುಗಳು ರೋಗ ತರುತ್ತವೆ. ಶೈತ್ಯೀಕರಿಸಿದ ರಕ್ತಹುಳು ಸುರಕ್ಷಿತ. ಒಗ್ಗಿದ ಮೇಲೆ ಸೌತೆಕಾಯಿಯ ಬಿಲ್ಲೆಯನ್ನೂ ತಿನ್ನುತ್ತವೆ. ತೊಟ್ಟಿಯಲ್ಲಿ ಸಣ್ಣ ಬಸವನಹುಳುಗಳಿದ್ದರೆ ಜೀಬ್ರಾ ಮತ್ತು ಯೋಯೋ ಲೋಚ್‌ಗಳೇ ಅವುಗಳನ್ನು ಹತೋಟಿಗೆ ತರುತ್ತವೆ.

ಬಿಳಿ ಚುಕ್ಕೆ ರೋಗ

ಪ್ರಯಾಣದ ಬಳಲಿಕೆಯಲ್ಲಿರುವ ಲೋಚ್‌ಗಳಿಗೆ ಮೊದಲು ತಗಲುವ ರೋಗ ಇದು. ಮೈ ಮತ್ತು ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಇದನ್ನುಂಟುಮಾಡುವ ಏಕಕೋಶ ಜೀವಿ ಚರ್ಮದೊಳಗೆ ಬಲಿತು, ಕಳಚಿ ತಳಕ್ಕೆ ಬಿದ್ದು, ಅಲ್ಲಿ ನೂರಾರು ಮರಿಗಳಾಗಿ ಒಡೆದು, ಮತ್ತೆ ಮೀನನ್ನು ಹುಡುಕಿ ಈಜುತ್ತದೆ. ಔಷಧಿ ತಟ್ಟುವುದು ಈ ಈಜುವ ಹಂತದಲ್ಲಿ ಮಾತ್ರ. ಆದ್ದರಿಂದ ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸಬಾರದು. ಕಳೆಯ ಬೀಜ ನೆಲದಲ್ಲಿ ಉಳಿದಂತೆ ಅದು ತಳದಲ್ಲಿ ಉಳಿದಿರುತ್ತದೆ.

ಚುಕ್ಕೆ ಕಂಡೊಡನೆ ಎರಡು ಮೂರು ದಿನಗಳಲ್ಲಿ ನಿಧಾನವಾಗಿ ಉಷ್ಣಾಂಶವನ್ನು 29–30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಬೇಕು. ಬಿಸಿಯಾದ ನೀರಿನಲ್ಲಿ ರೋಗಾಣುವಿನ ಜೀವನಚಕ್ರ ಬೇಗ ಮುಗಿಯುತ್ತದೆ. ಆದರೆ ಆಮ್ಲಜನಕವೂ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು. ಔಷಧಿ ಬೇಕಾದರೆ ಪೊಟ್ಟಣದ ಮೇಲೆ ಲೋಚ್‌ಗಳ ಬಗ್ಗೆ ಇರುವ ಸೂಚನೆಯನ್ನು ಓದಿ, ಅರ್ಧ ಪ್ರಮಾಣದಿಂದ ಆರಂಭಿಸಬೇಕು. ತಾಮ್ರವಿರುವ ಔಷಧಿಗಳು ಮತ್ತು ಮ್ಯಾಲಕೈಟ್ ಗ್ರೀನ್ ಈ ನುಣುಪು ಮೈಯ ಮೀನುಗಳಿಗೆ ಬೇಗ ಅತಿಯಾಗುತ್ತವೆ. ಚುಕ್ಕೆ ಮಾಯವಾದ ಮೇಲೂ ಒಂದು ವಾರ ಬೆಚ್ಚಗಿನ ನೀರನ್ನು ಮುಂದುವರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಲಂಕಾರಿಕ ಮೀನಿನ ಔಷಧಿಯನ್ನು ಕೃಷಿ ಹೊಂಡದ ತಿನ್ನುವ ಮೀನುಗಳಿಗೆ ಎಂದಿಗೂ ಬಳಸಬಾರದು. ತಿನ್ನುವ ಮೀನಿನ ಸಾಕಣೆಯಲ್ಲಿ ಮ್ಯಾಲಕೈಟ್ ಗ್ರೀನ್ ನಿಷಿದ್ಧ.

ಹೊಳೆಯ ಮೀನಿನ ಬೆಲೆ

ಜೀಬ್ರಾ ಲೋಚ್ ಮನೆಯ ತೊಟ್ಟಿಯಲ್ಲಿ ಮರಿ ಮಾಡುವುದು ಬಹಳ ವಿರಳ. ಅಂಗಡಿಯ ತೊಟ್ಟಿಗೆ ಬರುವ ಮೀನುಗಳಲ್ಲಿ ಘಟ್ಟದ ಹೊಳೆಗಳಿಂದ ಹಿಡಿದು ತಂದವು ಬಹಳ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಈ ಮೀನು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿರುವ ಜಾತಿಯಾಗಿ ಸೇರಿದೆ. ನಮ್ಮ ಅಜಾಗರೂಕತೆಯಿಂದ ಆರು ಮೀನು ಸತ್ತರೆ ಮತ್ತೆ ಆರು ತರುತ್ತೇವೆ. ಆ ಆರೂ ಹೊಳೆಯಿಂದಲೇ ಬರಬೇಕು. ಹೀಗೆ ಒಂದು ತೊಟ್ಟಿಯಲ್ಲಿ ಆದ ನಷ್ಟ ಅಂಗಡಿಯ ಬೆಲೆಗೆ ಮುಗಿಯುವುದಿಲ್ಲ. ಅದಕ್ಕಾಗಿಯೇ ಮೊದಲ ಬಾರಿ ಮೀನು ಸಾಕುವವರು ಗಪ್ಪಿಯಂತಹ, ಸಾಕಣೆಯಲ್ಲೇ ಹುಟ್ಟಿದ ಮೀನುಗಳಿಂದ ನೀರಿನ ಹದ ಕಲಿತು, ಅನಂತರ ಲೋಚ್ ತರುವುದು ವಿವೇಕ.

ಮಲೆನಾಡಿನ ರೈತರು ತೋಟದ ಹಳ್ಳದಲ್ಲಿ ಇಂತಹ ಮೀನುಗಳನ್ನು ಕಂಡರೆ ಅವನ್ನು ಅಲ್ಲೇ ಬಿಡುವುದು ಒಳ್ಳೆಯದು. ಹಳ್ಳದ ದಡದಲ್ಲಿ ಸಿಂಪಡಣೆಯ ಡಬ್ಬ ತೊಳೆಯದಿರುವುದು, ಬೇಸಿಗೆಯಲ್ಲಿ ಉಳಿಯುವ ಗುಂಡಿಗಳ ನೀರನ್ನು ಪೂರ್ತಿ ಎತ್ತದಿರುವುದು ಇವೂ ಮೀನು ಸಾಕುವ ಕೆಲಸವೇ.

ಸಾಕಲಾರದ ಮೀನನ್ನು ಕೆರೆಗೋ ಹೊಳೆಗೋ ಬಿಡುವುದೂ ತಪ್ಪು. ಹೀಗೆ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ನಮ್ಮ ದೇಶದ ಅನೇಕ ಜಲಾಶಯಗಳಲ್ಲಿ ಬೇರೂರಿ, ಮೀನುಗಾರರ ಬಲೆಗಳನ್ನು ಹಾಳುಮಾಡುತ್ತಿದೆ. ಬೇಡವಾದ ಮೀನನ್ನು ಇನ್ನೊಬ್ಬ ಹವ್ಯಾಸಿಗೆ ಅಥವಾ ಅಂಗಡಿಗೆ ಕೊಡಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೀನು ತರುವುದಕ್ಕೆ ಒಂದು ತಿಂಗಳ ಮೊದಲು ತೊಟ್ಟಿ ಸಿದ್ಧವಾಗಿರಲಿ. ಅಮೋನಿಯ, ನೈಟ್ರೈಟ್ ಸೊನ್ನೆಯಾದ ಮೇಲೆ ಮಾತ್ರ ಮೀನು ತನ್ನಿ.

2. ನಯವಾದ ಮರಳು, ಸಾಕಷ್ಟು ಅಡಗುತಾಣ, ಭದ್ರವಾದ ಮುಚ್ಚಳ ಇರಲಿ.

3. ಒಂದೇ ಜಾತಿಯ ಐದಾರು ಮೀನುಗಳನ್ನು ಒಟ್ಟಿಗೆ ತನ್ನಿ. ಮೂರು ವಾರ ಪ್ರತ್ಯೇಕವಾಗಿಡಿ.

4. ಚೀಲದ ನೀರು ತೊಟ್ಟಿಗೆ ಬೇಡ.

5. ಎರಡು ವಾರ ಕಲ್ಲು ಎತ್ತಬೇಡಿ, ಗಾಜು ತಟ್ಟಬೇಡಿ.

6. ದೀಪ ಆರಿದ ಮೇಲೆ, ಮುಳುಗುವ ಆಹಾರವನ್ನು ಮಿತವಾಗಿ ಕೊಡಿ.

7. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಔಷಧಿ ಹಾಕದ ತೊಟ್ಟಿಯ ಹಳೆಯ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದನ್ನು ಚೆಲ್ಲದೆ ಹಿತ್ತಲಿನ ಗಿಡಗಳಿಗೆ ಹಾಕಿ.

8. ಲಕ್ಷಣ ಕಂಡರೆ ಮೊದಲು ನೀರಿನ ಪರೀಕ್ಷೆ, ಅನಂತರ ಔಷಧಿ. ಅದೂ ಅರ್ಧ ಪ್ರಮಾಣದಿಂದ.

ತಾಳಿದವನು ಬಾಳಿಯಾನು ಎಂಬ ಗಾದೆ ಲೋಚ್ ಸಾಕುವವರಿಗೆ ಚೆನ್ನಾಗಿ ಹೊಂದುತ್ತದೆ. ಮೊದಲ ತಿಂಗಳಲ್ಲಿ ನೀರಿನ ಹದ ಕಾಯ್ದು, ಮೀನನ್ನು ಅದರ ಪಾಡಿಗೆ ಬಿಟ್ಟವರ ತೊಟ್ಟಿಯಲ್ಲಿ ಈ ಮೀನುಗಳು ಮುಂದೆ ಹಗಲಿನಲ್ಲೂ ಹೊರಬಂದು ಆಡುತ್ತವೆ. ಹೆಚ್ಚಿನ ಮಾಹಿತಿ ಬೇಕಾದವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.